"ಎಲ್ಲಾ ಚಲೋ ಐತ್ರಿ" ಅಂದ್ರ ಮುಂದ ಏನ್ ಕೇಳಬೇಕು?

ಪ್ರಶ್ನೆ: ನಾನು ಕೊಪ್ಪಳ ಜಿಲ್ಲೆಯ ಒಂದು ಸಂಸ್ಥೆಯಲ್ಲಿ ಫೀಲ್ಡ್ ಕೋಆರ್ಡಿನೇಟರ್. ಕುಷ್ಟಗಿ, ಯಲಬುರ್ಗಾ ತಾಲೂಕಿನ ಹಳ್ಳಿಗಳಲ್ಲಿ ಮೂರು ವರ್ಷದಿಂದ ಮಹಿಳಾ ಸಂಘದವರಿಗೆ ಆಡು ಕೊಡೋದು, ರೈತರ ಹೊಲದಲ್ಲಿ ಕೃಷಿ ಹೊಂಡ ತೆಗೆಸೋದು ನಡೆದಿದೆ. ಪ್ರಾಜೆಕ್ಟ್ ಮುಗಿಯೋಕೆ ಬಂತು. ಫಂಡ್ ಕೊಟ್ಟವರು "ಜನರೇ ಸೇರಿ ಮಾಡೋ ಮೌಲ್ಯಮಾಪನ ಬೇಕು" ಅಂದಿದಾರೆ, ನಡೆಸೋ ಜವಾಬ್ದಾರಿ ನನಗೆ ಬಂದಿದೆ. ಸಭೆ ಕರೆದ್ರೆ "ಎಲ್ಲಾ ಚಲೋ ಐತ್ರಿ ಮೇಡಂ" ಅಂತಾರೆ, ಇಲ್ಲಾ ಇಬ್ಬರು ಮೂವರೇ ಮಾತಾಡ್ತಾರೆ. ಇವರ ಬಾಯಿ ಬಿಡಿಸೋದು ಹೆಂಗೆ? ಸಭೆದು ವಿಡಿಯೋನೂ ಬೇಕಂತೆ.

ಉತ್ತರ: ನಮ್ಮ ಕಡೆ ಮಂದಿಗೆ ಮಾತು ಕಡಿಮಿ ಅಂತ ಯಾರು ಹೇಳಿದ್ರು ತಂಗಿ? ಅದೇ ಹೆಣ್ಮಕ್ಕಳು ನೀರಿನ ಟ್ಯಾಂಕಿನ ಹತ್ರ, ರೇಷನ್ ಅಂಗಡಿ ಮುಂದ ನಿಂತಾಗ ನಿಮ್ಮ ಪ್ರಾಜೆಕ್ಟಿನ ಜಾತಕ ಪೂರ್ತಿ ಬಿಚ್ಚಿಟ್ಟಿರ್ತಾರ, ಯಾರಿಗೆ ಆಡು ಬಂತು, ಯಾರ ಆಡು ಒಂದ ತಿಂಗಳದಾಗ ಸತ್ತವು, ಯಾರ ಹೊಂಡದಾಗ ಬರೇ ಹುಲ್ಲು ಬೆಳದೈತಿ ಎಲ್ಲಾ ಗೊತ್ತಿರತೈತಿ ಅವರಿಗೆ. ನಿಮ್ಮ ಮುಂದ "ಚಲೋ ಐತ್ರಿ" ಅಂತಾರಂದ್ರ ಲೆಕ್ಕ ಹಾಕೇ ಅಂತಾರ. ಈ ಮೇಡಂ ಆಡು ಕೊಟ್ಟೋರು, ಮುಂದನೂ ಏನರ ಕೊಡಬಹುದು, ಸಂಘದ ಅಧ್ಯಕ್ಷಿ ಇಲ್ಲೇ ಕುಂತಾಳ, ಸುಮ್ನ ಯಾಕ ಕೆಟ್ಟಾಗಬೇಕು. ನೀವು ಕೇಳಿದ ರೀತಿಗೆ ಅದು ಸರಿಯಾದ ಉತ್ತರನ. ಹಿಂಗಾಗಿ ಅವರ ಬಾಯಿ ಬಿಡಿಸೋ ಟೆಕ್ನಿಕ್ ಹುಡುಕೋದು ಬಿಡ್ರಿ, ಸತ್ಯ ಹೇಳಿದವರಿಗೆ ಲುಕ್ಸಾನು ಆಗದಂಗ ಮೊದಲ ವ್ಯವಸ್ಥಾ ಮಾಡ್ರಿ. ಫೆಸಿಲಿಟೇಟರ್, ಅಂದ್ರ ಸಭೆ ನಡೆಸಿಕೊಡೋರ ಕೆಲಸದಾಗ ಮುಕ್ಕಾಲು ಪಾಲು ಇದ, ಅದೂ ಸಭೆ ಶುರು ಆಗೋದಕ್ಕಿಂತ ಮೊದಲ ಮುಗಿಯೋ ಕೆಲಸ.

ಮೊದಲನೇದ್ದು ನಿಮ್ದ ಸಮಸ್ಯೆ. ಆಡು ಹಂಚಿದವರು ನೀವು, "ಆಡು ಹೆಂಗದಾವು" ಅಂತ ಕೇಳೋರೂ ನೀವು. ಇದು ನಡಿಯಂಗಿಲ್ಲ. ನಿಮ್ಮ ಸಂಸ್ಥೆಗೆ ಹೊರಗಿನವರನ್ನ ಕರೆಸೋ ದುಡ್ಡು ಇರ್ಲಿಕ್ಕಿಲ್ಲ, ಆದ್ರ ಕುಷ್ಟಗಿ ಟೀಮ್ ಯಲಬುರ್ಗಾಕ್ಕ, ಯಲಬುರ್ಗಾದವರು ಕುಷ್ಟಗಿಗೆ ಹೋಗಾಕ ದುಡ್ಡೇನು ಬೇಕಾಗಂಗಿಲ್ಲ. ಇನ್ನೂ ಚಲೋ ಅಂದ್ರ ಲಿಂಗಸುಗೂರು ಕಡೆಯೋ ಸಿಂಧನೂರು ಕಡೆಯೋ ಇಂಥದ್ದ ಕೆಲಸ ಮಾಡೋ ಬೇರೆ ಸಂಸ್ಥೆಯವರನ್ನ ಕರೀರಿ, ನಾಳೆ ಅವರ ಮೌಲ್ಯಮಾಪನಕ್ಕ ನೀವು ಹೋಗ್ರಿ. ನಿಮ್ಮ ಸ್ವಂತ ಹಳ್ಳಿಗಳಾಗ ನೀವು ಮನಿ ತೋರಿಸಿ, ಪರಿಚಯ ಮಾಡಿಸಿ, ಅಲ್ಲಿಂದ ಎದ್ದು ಹೋಗ್ಬೇಕು. ಖರೇನ ಎದ್ದು ಹೋಗ್ಬೇಕು, ಹಿಂದಿನ ಸಾಲಿನಾಗ ಮೊಬೈಲ್ ನೋಡ್ಕೋತ ಕುಂತ್ರೂ ನೀವು ಅಲ್ಲಿ ಇದ್ದಂಗನ.

ಶುರುವಿಗೆ ಹೇಳೋ ನಾಕು ಮಾತು ಭಾಳ ತೂಕದ್ದು. "ಈ ಪ್ರಾಜೆಕ್ಟ್ ಮುಗಿಯಾಕ ಬಂದೈತಿ. ನೀವು ಚಲೋ ಅಂದ್ರ ಹೆಚ್ಚಿಗಿ ಆಡು ಬರಂಗಿಲ್ಲ, ಸರಿ ಇಲ್ಲ ಅಂದ್ರ ಕೊಟ್ಟಿದ್ದನ್ನ ಯಾರೂ ವಾಪಸ್ ಒಯ್ಯಂಗಿಲ್ಲ. ಮುಂದ ಯಾವುದರ ಊರಾಗ ಇಂಥ ಕೆಲಸ ಮಾಡ್ಬೇಕಂದ್ರ ಏನು ಬದಲ ಮಾಡ್ಬೇಕು ಅಂತ ಕೇಳಾಕ ಬಂದೀವಿ." ಇದು ಖರೇ ಇದ್ರ ಅಷ್ಟ ಹೇಳ್ರಿ. ಎರಡನೇ ಹಂತದ ಪ್ರಪೋಸಲ್ ಆಗ್ಲೇ ಕಳಿಸಿದ್ರ ಅದನ್ನೂ ಬಿಚ್ಚಿ ಹೇಳ್ರಿ, ಮುಚ್ಚಿಟ್ರ ಊರಿಗೆ ಹೆಂಗರ ಗೊತ್ತಾಗೇ ಆಗತೈತಿ. ಆಮೇಲೆ ರಿಜಿಸ್ಟರ್. ಸಭೆ ಅಂದ್ರ ಸಹಿ ಹಾಕಿಸೋದು, ಆಧಾರ್ ನಂಬರ್ ಬರಸೋದು ನಮಗ ರೂಢಿ ಆಗಿಬಿಟ್ಟೈತಿ. ಇಲ್ಲಿ ಅದನ್ನ ಬಿಡ್ರಿ, ಎಷ್ಟು ಮಂದಿ ಬಂದಿದ್ರು ಅಂತ ಎಣಿಸಿ ಬರಕೊಂಡ್ರ ಸಾಕು. ಹೆಬ್ಬೆಟ್ಟು ಒತ್ತಿದ ಮ್ಯಾಲೆ ಯಾರೂ ಒಳಗಿನ ಮಾತು ಆಡಂಗಿಲ್ಲ.

ಜಾಗದ ವಿಚಾರ. ಗುಡಿ ಕಟ್ಟಿ ಅಂದ ಕೂಡ್ಲೇ ಯಾರು ಮ್ಯಾಲೆ ಕುಂದ್ರತಾರ, ಯಾರು ಕೆಳಗ ನಿಂದ್ರತಾರ, ಯಾರು ಬರೋದೇ ಇಲ್ಲ ಅಂತ ನಿಮಗ ನಾ ಹೇಳಬೇಕಾಗಿಲ್ಲ. ಅಲ್ಲಿ ಕುಂತು "ಎಲ್ರೂ ಮಾತಾಡ್ರಿ" ಅಂದ್ರ ಜೋಕು ಅದು. ಕೇರಿ ಕೇರಿಗೆ ಸಣ್ಣ ಸಣ್ಣ ಸಭೆ ಮಾಡ್ರಿ, ಎಂಟತ್ತು ಮಂದಿ ಸಾಕು. ಎಸ್ಸಿ ಕೇರಿ ಹೆಣ್ಮಕ್ಕಳದು ಬ್ಯಾರೆ, ಹೊಲ ಇಲ್ಲದವರದು ಬ್ಯಾರೆ, ಹೊಂಡ ತೆಗೆಸಿದ ರೈತರದು ಬ್ಯಾರೆ. ತಾಂಡಾ ಇದ್ರ ಅಲ್ಲೇ ಹೋಗ್ರಿ, ಲಂಬಾಣಿ ಮಾತು ಬರೋರನ್ನ ಕರಕೊಂಡು ಹೋಗ್ರಿ, ಆದ್ರ ಆ ತಾಂಡಾದಾಗ ನಿಮ್ಮ ಪ್ರಾಜೆಕ್ಟಿನ ಸಂಬಳ ತಗೊಳ್ಳೋ ವ್ಯಕ್ತಿನ ಅನುವಾದಕ್ಕ ಕೂಡ್ರಿಸಬ್ಯಾಡ್ರಿ. ಸಿಂಧನೂರು, ಗಂಗಾವತಿ ಕಡೆ ಕ್ಯಾಂಪುಗಳಾಗ ತೆಲುಗು, ರಾಯಚೂರಿನ ಕೆಲವು ಓಣಿಯಾಗ ಉರ್ದು, ಅಲ್ಲೂ ಇದೇ ಮಾತು. ಎಲ್ಲಾ ಸಣ್ಣ ಸಭೆ ಮುಗಿದ ಮ್ಯಾಲೆ ಊರಿನ ಒಂದು ದೊಡ್ಡ ಸಭೆ ಇಡಬಹುದು, ಮೊದಲಿಗೇ ಬ್ಯಾಡ.

ಇನ್ನ ಟೈಮು. ಇದು ಬರೇ ಅನುಕೂಲದ ಪ್ರಶ್ನೆ ಅನ್ಕೊಂಡ್ರ ತಪ್ಪು, ನಿಮ್ಮ ಇಡೀ ತೀರ್ಮಾನ ಉಲ್ಟಾ ಆಗೋದು ಇಲ್ಲೇ. ಹಿಂಗಾರಿ ರಾಶಿ ಮುಗಿದ ಮ್ಯಾಲೆ ಕುಷ್ಟಗಿ, ಯಲಬುರ್ಗಾ, ದೇವದುರ್ಗ, ಲಿಂಗಸುಗೂರು ಕಡಿಂದ ಎಷ್ಟು ಮನಿ ಬೀಗ ಹಾಕ್ಕೊಂಡು ಬೆಂಗಳೂರು, ಮಂಗಳೂರು, ಗೋವಾ ಅಂತ ಗುಳೆ ಹೋಗ್ತಾವ ನೋಡ್ರಿ. ಸಂಸ್ಥೆಗಳ ಮೌಲ್ಯಮಾಪನ ಬರೋದು ಎಲ್ಲಾ ಜನವರಿಯಿಂದ ಮಾರ್ಚ್, ಅಂದ್ರ ಸರಿಯಾಗಿ ಆ ಹೊತ್ತಿಗೇ. ಆಗ ಊರಾಗ ಸಿಗೋರು ಯಾರು? ಆಡು ಉಳಿದಿರೋರು, ಹೊಂಡದಾಗ ನೀರು ನಿಂತವರು, ಅಂದ್ರ ಪ್ರಾಜೆಕ್ಟು ಕೈ ಹಿಡಿದವರು. ಕೈ ಹಿಡಿಯದವರು ಯಾವುದೋ ಬಿಲ್ಡಿಂಗಿನ ಕೆಳಗ ಶೆಡ್ಡಿನಾಗ ಇರ್ತಾರ. ನೀವು ಊರಾಗ ಕುಂತು "ಶೇಕಡಾ ಇಷ್ಟು ಮಂದಿಗೆ ಲಾಭ ಆಗೈತಿ" ಅಂತ ಬರೀತೀರಿ. ಹಿಂಗಾಗಬಾರದಂದ್ರ ಪ್ರಾಜೆಕ್ಟಿನ ಲಿಸ್ಟ್ ತಗೊಂಡು ಮೊದಲ ಮನಿ ಮನಿ ಗುರುತು ಮಾಡ್ರಿ, ಇವತ್ತು ಊರಾಗ ಇಲ್ಲದವರು ಯಾರು ಅಂತ. ಅವರಿಗೆ ಫೋನ್ ಹಚ್ಚ್ರಿ, ರಾತ್ರಿ ಎಂಟರ ಮ್ಯಾಲೆ. ಇಲ್ಲಾ ಯುಗಾದಿಗೆ, ಊರ ಜಾತ್ರಿಗೆ, ಮೊಹರಂಗೆ ತಿರುಗಿ ಬಂದಾಗ ಹಿಡೀರಿ. ಮುದಗಲ್ಲಿನ ಮೊಹರಂ ಅಂದ್ರ ದುಡಿಯಾಕ ಹೋದವರು ಎಲ್ಲಿದ್ರೂ ಬರ್ತಾರ, ಸಣ್ಣ ಸಣ್ಣ ಊರಾಗೂ ಅಲಾಯಿ ಕುಣಿಯಾಕ ಮಂದಿ ಕೂಡತಾರ. ರಿಪೋರ್ಟಿನ ಗಡುವು ಅದಕ್ಕ ಹೊಂದಂಗಿಲ್ಲ ಅಂದ್ರ ಫಂಡರಿಗೆ ಈಗ್ಲೇ ಬರೀರಿ, ಆಮೇಲೆ ಅಲ್ಲ.

ದಿನದಾಗ ಯಾವ ಹೊತ್ತು ಅನ್ನೋದು ಸಲೀಸು, ಅವರನ್ನ ಕೇಳಿದ್ರ ಹೇಳ್ತಾರ. ಕೂಲಿ ಬಿಟ್ಟು ಬರ್ರಿ ಅನ್ನೋದಿದ್ರ ಮಾತ್ರ ಲೆಕ್ಕ ಇಟ್ಕೊಳ್ರಿ, ನಮ್ಮ ರಾಜ್ಯದಾಗ ಉದ್ಯೋಗ ಖಾತ್ರಿ ಕೂಲಿನ 2025-26ಕ್ಕ ದಿನಕ್ಕ ₹370 ಇತ್ತು, ನಿಮ್ಮ ಎರಡು ತಾಸಿನ ಸಭೆಗೆ ಬಂದವರದು ಒಂದು ಪಾಳಿ ಹೋಗತೈತಿ. ಚಹಾ, ಮಂಡಾಳ ಒಗ್ಗರಣಿ, ಮಿರ್ಚಿ ಕೊಟ್ರ ಅದು ತುಂಬಂಗಿಲ್ಲ. ಕೊಡಬ್ಯಾಡ್ರಿ ಅಂತ ಅಲ್ಲ ಮತ್ತ.

ಈಗ ಸಭೆ ಒಳಗ ಬರೋಣ. "ಪ್ರಾಜೆಕ್ಟಿನಿಂದ ಏನು ಉಪಯೋಗ ಆಯ್ತು?" ಅನ್ನೋ ಪ್ರಶ್ನೆನ ನಿಮ್ಮ ನೋಟ್‌ಬುಕ್ಕಿನಿಂದ ಹೊಡದ ಹಾಕ್ರಿ. ಉಪಯೋಗ ಆಗೈತಿ ಅಂತ ನೀವ ಹೇಳಿ ಕೊಟ್ಟ ಮ್ಯಾಲೆ ಅವರು ಇನ್ನೇನು ಹೇಳಬೇಕು? ಎಣಿಸಾಕ ಬರೋದನ್ನ ಕೇಳ್ರಿ. "ನಿಮಗ ಬಂದ ಆಡು ಎಷ್ಟು, ಒಂದೊಂದಕ್ಕೂ ಒಂದೊಂದು ಕಲ್ಲು ಇಡ್ರಿ. ಸತ್ತವು ಈ ಕಡೆ ಸರಸ್ರಿ, ಮಾರಿದವು ಆ ಕಡೆ. ಮರಿ ಹಾಕಿದ್ದಕ್ಕ ಸಣ್ಣ ಕಲ್ಲು." ಐದು ನಿಮಿಷದಾಗ ನೆಲದ ಮ್ಯಾಲೆ ನಿಮ್ಮ ಪ್ರಾಜೆಕ್ಟು ಹರಡಿ ಬಿದ್ದಿರತೈತಿ, ಯಾರೂ "ಕೆಟ್ಟೈತಿ" ಅನ್ನೋ ಮಾತು ಬಾಯಿಲೆ ಆಡಿರಂಗಿಲ್ಲ. ಆಮೇಲೆ "ಇದು ಹೆಂಗ ಸತ್ತಿತು?" ಅಂತ ಒಂದು ಕಲ್ಲು ಮುಟ್ಟಿ ಕೇಳ್ರಿ. ಕರುಳಬ್ಯಾನಿ ಬಂತು, ಲಸಿಕಿ ಹಾಕಾವ್ರು ಬರ್ಲಿಲ್ಲ, ಇಲ್ಲಾ ಮಳಿಗಾಲದಾಗ ಹೊರಗಿನ ಊರಿನ ಆಡು ತಂದು ಕೊಟ್ರಿ ಅವಕ್ಕ ನಮ್ಮ ಹವಾ ಹಿಡೀಲಿಲ್ಲ, ಹಿಂಗ ಬರ್ತಾವ ಉತ್ತರ. "ಯಾಕ ಸತ್ತಿತು" ಅನ್ನಬ್ಯಾಡ್ರಿ, ಯಾಕ ಅಂದ್ರ ತಪ್ಪು ಯಾರದು ಅಂದಂಗ ಕೇಳತೈತಿ, ಹೆಣ್ಮಗಳು ತಲಿ ತಗ್ಗಿಸಿ ಕುಂದ್ರತಾಳ. ಮಾರಿದ ಕಲ್ಲಿಗೆ ಬಂದಾಗ "ಯಾರು ಸಂತಿಗೆ ಹೊಡಕೊಂಡು ಹೋದ್ರು, ರೊಕ್ಕ ಯಾರ ಕೈಯಾಗ ಬಂತು, ಯಾತಕ್ಕ ಹೋತು" ಅಂತ ಹಂಗ ಹಿಂಬಾಲಿಸ್ರಿ. ಮಹಿಳಾ ಸಬಲೀಕರಣ ಅನ್ನೋ ಕಾಲಂ ತುಂಬಿಸಾಕ ಇದಕ್ಕಿಂತ ಬೇರೆ ಪ್ರಶ್ನೆ ಬೇಕಾಗಂಗಿಲ್ಲ.

ನೆಲದ ಮ್ಯಾಲೆ ಕಲ್ಲು, ಬೀಜ, ರಂಗೋಲಿ ಪುಡಿ ಇಟ್ಟು ಮಾಡೋ ಈ ಪದ್ಧತಿಗೆ ನಮ್ಮ ಸೀಮಿ ಹೊಸದಲ್ಲ. 1990ರ ಆಸುಪಾಸಿನಾಗ ರಾಬರ್ಟ್ ಚೇಂಬರ್ಸ್ ಅಂತ ಇಂಗ್ಲೆಂಡಿನ ವಿದ್ವಾಂಸರು ಮೈರಾಡ ಸಂಸ್ಥೆಯವರ ಜೊತಿ ಗುಲ್ಬರ್ಗಾ ಕಡಿ ಹಳ್ಳಿಗಳಾಗ ಹಿಂಗ ಮಂದಿ ಕೈಲೆ ನಕ್ಷೆ ಬರಸಿ ನೋಡಿದ್ರು, ಮುಂದ ಅದು ಪಿಆರ್‌ಎ (ಪಾರ್ಟಿಸಿಪೇಟರಿ ರೂರಲ್ ಅಪ್ರೈಸಲ್, ಅಂದ್ರ ಮಂದಿನ ಸೇರಿ ಮಾಡೋ ಊರಿನ ಅಧ್ಯಯನ) ಅಂತ ಜಗತ್ತಿಗೆಲ್ಲಾ ಹರಡಿತು. ಅವರು ಮತ್ತ ಮತ್ತ ಹೇಳ್ತಿದ್ದ ಮಾತು ಒಂದ: ನೆಲದ ಮ್ಯಾಲೆ ಗೆರಿ ಎಳಿಯೋ ಕೋಲು ಮಂದಿ ಕೈಗೆ ಕೊಡು, ಕೊಟ್ಟ ಮ್ಯಾಲೆ ಸುಮ್ನಿರು. ಎರಡನೇದ್ದ ಕಷ್ಟ. ನಮ್ಮ ಹುಡುಗ್ರು ನಕ್ಷೆ ಅರ್ಧ ಆಗೋದ್ರಾಗ "ಅಜ್ಜಿ ಹಂಗಲ್ಲ, ಹಳ್ಳ ಈ ಕಡೆ ಬರತೈತಿ" ಅಂತ ತಾವ ಬಗ್ಗಿ ತಿದ್ದಾಕ ಹೋಗ್ತಾರ, ಅಲ್ಲಿಗೆ ಮುಗೀತು, ಕೋಲು ವಾಪಸ್ ಬಂತು. ಸುಮ್ನಿರೋದನ್ನ ಪ್ರಾಕ್ಟೀಸ್ ಮಾಡ್ರಿ. ಪ್ರಶ್ನೆ ಕೇಳಿದ ಮ್ಯಾಲೆ ಮನಸ್ಸಿನಾಗ ಇಪ್ಪತ್ತರ ತನಕ ಎಣಿಸ್ರಿ, ಹತ್ತಕ್ಕ ಬರೋದ್ರಾಗ ನಿಮಗ ತಡಿಯಾಕ ಆಗಂಗಿಲ್ಲ, ಆದ್ರೂ ತಡೀರಿ. ಹಿಂದ ಕುಂತವರು ಮಾತಾಡೋದು ಹತ್ತರ ಮ್ಯಾಲೇನ.

ಇನ್ನೊಂದು ಭಾಳ ಮುಖ್ಯದ್ದು, ಇದನ್ನ ಈಗಿನ ರಿಪೋರ್ಟುಗಳಾಗ ಯಾರೂ ಬರಿಯಂಗಿಲ್ಲ. ಹೆಣ್ಮಗಳು "ಕೈಯಾಗ ಈಗ ನಾಕು ರೊಕ್ಕ ಆಡ್ತಾವ್ರಿ" ಅಂದ್ಲು ಅನ್ಕೊಳ್ರಿ. ನಿಮ್ಮ ಆಡಿನಿಂದ ಆತು ಅಂತ ಬರಕೊಂಡ್ರ್ಯಾ? ಸ್ವಲ್ಪ ತಡೀರಿ. 2023ರ ಆಗಸ್ಟ್‌ನಿಂದ ಗೃಹಲಕ್ಷ್ಮಿ ತಿಂಗಳಿಗೆ ₹2000 ಶುರು ಆಗೈತಿ, ಅದೇ ವರ್ಷ ಜೂನ್‌ನಿಂದ ಶಕ್ತಿ ಬಸ್ಸು ಫ್ರೀ. ಅದೇ 2023ರಾಗ ಬರ ಬಿತ್ತು, ಮೇವಿಲ್ಲದ ಎಷ್ಟೋ ಮಂದಿ ಆಡು ಕುರಿ ಸಿಕ್ಕ ರೇಟಿಗೆ ಮಾರಿದ್ರು. ನಿಮ್ಮ ಪ್ರಾಜೆಕ್ಟು ನಡೆದ ಮೂರು ವರ್ಷದಾಗ ಇಷ್ಟೆಲ್ಲಾ ಆಗೈತಿ. ಚಲೋ ಆಗಿದ್ದೆಲ್ಲಾ ನಿಮ್ದಲ್ಲ, ಕೆಟ್ಟಿದ್ದೆಲ್ಲಾ ನಿಮ್ಮ ತಪ್ಪೂ ಅಲ್ಲ. ಇದಕ್ಕ ಹತ್ತು ಬೀಜದ ಆಟ ಚಲೋ. ಗುಂಪಿಗೆ ಹತ್ತ ಹುಣಸಿ ಬೀಜ ಕೊಡ್ರಿ, ಮುಂದ ಐದಾರು ಗುರುತು ಇಡ್ರಿ: ಆಡು, ಗೃಹಲಕ್ಷ್ಮಿ, ಗುಳೆ ದುಡಿಮಿ, ಗಂಗಾವತಿ ಕಡೆ ಭತ್ತದ ನಾಟಿ ಕೂಲಿ, ಸಂಘದ ಸಾಲ. ಮನಿ ರೊಕ್ಕದಾಗ ಬದಲಾಗಿದ್ದು ಯಾವುದರಿಂದ ಎಷ್ಟು, ಹತ್ತ ಬೀಜ ಹಂಚ್ರಿ ಅನ್ರಿ. ಒಬ್ಬಾಕಿ ಆಡಿಗೆ ಐದು ಇಡ್ತಾಳ, ಇನ್ನೊಬ್ಬಾಕಿ "ನಿನಗ ಗೌಡ್ರ ಹೊಲದಾಗ ಮೇವು ಸಿಕ್ಕಿತು, ನಮಗೆಲ್ಲಿ" ಅಂತ ಎರಡು ಬೀಜ ಎತ್ತಿ ಗುಳೆ ಕಡೆ ಒಗೀತಾಳ. ಈ ಜಗಳಾನ ನಿಮ್ಮ ಡೇಟಾ. ಕೊನೀಗೆ ಎಷ್ಟು ಬೀಜ ಎಲ್ಲಿ ಉಳದ್ವು ಅನ್ನೋದಕ್ಕಿಂತ ಯಾರು ಯಾವ ಬೀಜ ಏನಂತ ಹೇಳಿ ಸರಿಸಿದ್ರು ಅನ್ನೋದನ್ನ ಬರಕೊಳ್ರಿ. ಅದಕ್ಕ ಇಬ್ಬರು ಬೇಕು, ಒಬ್ಬರು ನಡೆಸಾಕ, ಒಬ್ಬರು ಬರಿಯಾಕ. ಬರಿಯೋರು ಮಂದಿ ಆಡಿದ ಮಾತ ಬರೀಬೇಕು. "ಜೀವನೋಪಾಯ ಸುಧಾರಿಸಿದೆ" ಅಂತ ಯಾವ ಹೆಣ್ಮಗಳೂ ಅಂದಿರಂಗಿಲ್ಲ, ಅದನ್ನ ಬರದ್ರ ನಿಮ್ಮ ಮಾತನ್ನ ಅವರ ಬಾಯಾಗ ಇಟ್ಟಂಗ.

ವರ್ಷ ನೆನಪಿಡೋದು ಕಷ್ಟ ಅಂದ್ರ ಗುರುತು ಕೊಡ್ರಿ, ಬರ ಬಿದ್ದ ವರ್ಷ, ತುಂಗಭದ್ರಾ ಡ್ಯಾಮಿನ 19ನೇ ಗೇಟು ಕಿತ್ತು ಹೋದ ವರ್ಷ ಅಂದ್ರ 2024, ಎಲ್ರಿಗೂ ತಟ್ಟನೆ ನೆನಪಾಗತೈತಿ.

ಹೊಂಡಕ್ಕ ಸಭೆ ಬ್ಯಾಡ, ನಡಕೋತ ಹೋಗ್ರಿ. ಹೊಂಡದ ದಂಡಿ ಮ್ಯಾಲೆ ನಿಂತು ಮಾತಾಡಿದ್ರ ಸುಳ್ಳು ಹೇಳೋದು ಕಷ್ಟ. ಎರಿ ಹೊಲದಾಗ ನೀರು ನಿಂದ್ರತೈತಿ, ಮಸಾರಿ ಹೊಲದಾಗ ತಾಡಪತ್ರಿ ಹಾಕದಿದ್ರ ಇಂಗಿ ಹೋಗತೈತಿ, ಇದು ರೈತರಿಗೆ ನಿಮ್ಮ ಎಂಜಿನಿಯರಿಗಿಂತ ಮೊದಲ ಗೊತ್ತಿರತೈತಿ. "ಜಾಗ ಯಾರು ತೋರಿಸಿದ್ರು?" ಅಂತ ಅಲ್ಲೇ ಕೇಳ್ರಿ. ಹೋದ ವರ್ಷ ನೀರು ಯಾವ ತಿಂಗಳಿಗೆ ಬತ್ತಿತು, ಅದರಿಂದ ಯಾವ ಬೆಳಿಗೆ ಎಷ್ಟು ಸಲ ಹಾಯಿಸಿದ್ರಿ, ಡೀಸೆಲ್ ಎಷ್ಟು ಹೋತು. ಮತ್ತ ನಮ್ಮ ರಾಜ್ಯದಾಗ 2014ರಿಂದ ಕೃಷಿ ಭಾಗ್ಯದಾಗೂ ಹೊಂಡ ಕೊಟ್ಟಾರ, ಉದ್ಯೋಗ ಖಾತ್ರಿಯಾಗೂ ತೆಗಸ್ಯಾರ, ಹಿಂಗಾಗಿ ನೀವು ನೋಡ್ತಿರೋ ಹೊಂಡ ನಿಮ್ದ ಹೌದೋ ಅಲ್ಲೋ ಅನ್ನೋದನ್ನೂ ಒಮ್ಮೆ ಖಾತ್ರಿ ಮಾಡ್ಕೊಳ್ರಿ, ನಗಬ್ಯಾಡ್ರಿ, ಹಿಂಗ ಆಗತೈತಿ.

ಇಬ್ಬರು ಮೂವರೇ ಮಾತಾಡ್ತಾರ ಅಂದ್ರಿ. ಅವರನ್ನ "ನೀವು ಸುಮ್ನಿರ್ರಿ" ಅಂದ್ರ ಊರಿನ ಬಾಗಿಲ ಮುಚ್ಚಿದಂಗ. ಗ್ರಾಮ ಪಂಚಾಯ್ತಿ ಸದಸ್ಯೆಯ ಗಂಡ ಬಂದು ಕುರ್ಚಿ ಹಾಕ್ಕೊಂಡು ಕುಂತ್ರ ಎದ್ದು ನಮಸ್ಕಾರ ಮಾಡ್ರಿ, "ಸಾಹೇಬ್ರ, ಊರಿನ ಹೊಂಡ ಎಲ್ಲಾ ನಿಮಗ ಗೊತ್ತು, ನಮ್ಮ ಹುಡುಗನ್ನ ಕರಕೊಂಡು ತೋರಿಸಿ ಬರ್ತೀರೇನ್ರಿ" ಅಂತ ಇನ್ನೊಬ್ಬ ಸಹೋದ್ಯೋಗಿ ಜೊತಿ ಕಳಸ್ರಿ. ಅವರಿಗೂ ಮರ್ಯಾದಿ, ನಿಮಗೂ ಎರಡು ತಾಸು, ಅವರು ಹೇಳಿದ್ದೂ ದಾಖಲಾಗತೈತಿ. ಸಂಘದ ಅಧ್ಯಕ್ಷಿ, ಬುಕ್ ಕೀಪರ್ ಜೊತಿ ಬ್ಯಾರೆ ಕುಂತು ಲೆಕ್ಕದ ಪುಸ್ತಕ ನೋಡ್ರಿ, ಅವರದು ಬ್ಯಾರೇನ ಕಥಿ ಇರತೈತಿ, ಎಲ್ರ ಬೈಗುಳ ಅವರ ಮ್ಯಾಲೆ ಬಿದ್ದಿರತೈತಿ ಪಾಪ.

ಸಣ್ಣ ಸಭೆಯಾಗ ಒಬ್ಬಾಕಿ ಎದ್ದು "ಆಡು ಬಂದಿದ್ದು ಎಲ್ಲಾ ಅಧ್ಯಕ್ಷಿ ಅಕ್ಕ ತಂಗೇರಿಗೇ" ಅಂದ್ಬಿಟ್ರ ಏನು ಮಾಡ್ಬೇಕು? ಅಲ್ಲೇ ವಿಚಾರಣಿ ಶುರು ಮಾಡಬ್ಯಾಡ್ರಿ, "ಹಂಗೆಲ್ಲಾ ಅನಬಾರದು" ಅಂತನೂ ಅನಬ್ಯಾಡ್ರಿ. ಮಾತನ್ನ ವ್ಯಕ್ತಿಯಿಂದ ಪದ್ಧತಿ ಕಡೆ ತಿರುಗಿಸ್ರಿ, "ಹೆಸರು ಆರಿಸಿದ್ದು ಹೆಂಗ? ಚೀಟಿ ಎತ್ತಿದ್ರೋ, ಸಭೆಯಾಗ ಓದಿದ್ರೋ, ಲಿಸ್ಟ್ ಎಲ್ಲಿ ಹಚ್ಚಿದ್ರು?" ಆಮೇಲೆ ಲಿಸ್ಟ್ ತಗೊಂಡು ಬ್ಯಾರೆ ದಿನ ಬ್ಯಾರೆ ಕಡಿಂದ ತಾಳೆ ಹಾಕಿ ನೋಡ್ರಿ. ರಿಪೋರ್ಟಿನಾಗ ಆ ಮಾತು ಯಾವ ಓಣಿಯ ಯಾರು ಆಡಿದ್ರು ಅಂತ ಗುರುತು ಸಿಗದಂಗ ಬರೀರಿ. ಹತ್ತು ಮನಿ ಓಣಿಯಾಗ "ಒಬ್ಬ ವಿಧವೆ ಹೇಳಿದರು" ಅಂತ ಬರದ್ರ ಹೆಸರು ಬರದಂಗನ ಆತು.

ನೀವು ಕೇಳದೇ ಇದ್ದರೂ ನಾ ಹೇಳೋದು ಒಂದೈತಿ, ಮಂದಿ ಹತ್ರ ಬರೇ ಕೇಳಾಕ ಹೋಗಬ್ಯಾಡ್ರಿ, ನಿಮ್ಮ ಲೆಕ್ಕ ತಗೊಂಡು ಹೋಗ್ರಿ. ರಾಜಸ್ಥಾನದಾಗ ಅರುಣಾ ರಾಯ್ ಅವರಿದ್ದ ಮಜ್ದೂರ್ ಕಿಸಾನ್ ಶಕ್ತಿ ಸಂಘಟನ್ 1994ರಿಂದ ಜನ ಸುನವಾಯಿ, ಅಂದ್ರ ಮಂದಿ ಮುಂದ ಬಹಿರಂಗ ವಿಚಾರಣಿ ನಡೆಸಿದಾಗ ಮಾಡಿದ್ದು ಇದ, ಕೂಲಿ ಹಾಜರಿ ಪಟ್ಟಿ, ಬಿಲ್ಲು ತಂದು ಊರ ಮುಂದ ಗಟ್ಟಿಯಾಗಿ ಓದಿದ್ರು, ಸತ್ತವರ ಹೆಸರಿಗೂ ಕೂಲಿ ಹೋಗಿದ್ದು ಕೇಳಿ ಮಂದಿ ತಾವಾಗೇ ಎದ್ದು ನಿಂತ್ರು. 2005ರ ಉದ್ಯೋಗ ಖಾತ್ರಿ ಕಾಯ್ದೆಯ 17ನೇ ಕಲಮಿನಾಗ ಗ್ರಾಮಸಭೆಯ ಸಾಮಾಜಿಕ ಪರಿಶೋಧನೆ ಬಂದಿದ್ದು ಅದರ ಬೆನ್ನಿಗೇ. ನಿಮ್ಮದು ಭ್ರಷ್ಟಾಚಾರ ಹಿಡಿಯೋ ಸಭೆ ಅಲ್ಲ, ಒಪ್ತೀನಿ. ಆದ್ರ "ಈ ಊರಿಗೆ ಇಷ್ಟು ಆಡು, ಒಂದು ಆಡಿಗೆ ಇಷ್ಟು ರೊಕ್ಕ, ತರಬೇತಿಗೆ ಇಷ್ಟು ದಿನ ಅಂತ ನಮ್ಮ ಪುಸ್ತಕದಾಗ ಐತಿ" ಅಂತ ಓದಿ ನೋಡ್ರಿ. ಅಭಿಪ್ರಾಯ ಕೇಳಿದಾಗ ಸುಮ್ನ ಕುಂತಾಕಿ "ಏ ಇಲ್ರೀ, ತರಬೇತಿ ಒಂದ ದಿನ ಆಗೈತಿ" ಅಂತ ಕೂಡ್ಲೇ ಅಂತಾಳ. ತಪ್ಪು ಲೆಕ್ಕ ತಿದ್ದಾಕ ಯಾರಿಗೂ ಧೈರ್ಯ ಬೇಕಾಗಂಗಿಲ್ಲ. ಇದನ್ನ ಮಾಡಾಕ ನಿಮ್ಮ ಡೈರೆಕ್ಟರ್ ಒಪ್ಪಬೇಕು, ಒಪ್ಪಲಿಲ್ಲ ಅಂದ್ರ ಈ ಮೌಲ್ಯಮಾಪನಕ್ಕ "ಜನರ ಭಾಗವಹಿಸುವಿಕೆ" ಅಂತ ಹೆಸರಿಡೋದು ಬ್ಯಾಡ, ಸರ್ವೆ ಅನ್ರಿ, ಅದೂ ಒಂದು ಗೌರವದ ಕೆಲಸಾನ.

ಕಥಿ ಕೇಳೋ ಪದ್ಧತಿನೂ ಫಂಡರ್‌ಗಳಿಗೆ ಭಾಳ ಇಷ್ಟ. ರಿಕ್ ಡೇವಿಸ್ ಅನ್ನೋರು 1990ರ ದಶಕದಾಗ ಬಾಂಗ್ಲಾದೇಶದಾಗ ಶುರು ಮಾಡಿದ್ದು, ಎಲ್ಲಕ್ಕಿಂತ ದೊಡ್ಡ ಬದಲಾವಣೆ ಯಾವುದು ಅಂತ ಮಂದಿ ಕಡಿಂದ ಕಥಿ ಕೂಡಿಸಿ, ಗುಂಪಿನಾಗ ಕುಂತು ಒಂದು ಆರಿಸಿ, ಯಾಕ ಅದನ್ನ ಆರಿಸಿದ್ರು ಅಂತ ಬರಿಯೋದು. ನಮ್ಮಲ್ಲಿ ಆ ಕೊನೇ ಭಾಗ ಬಿಟ್ಟು ಬರೇ ಸಕ್ಸಸ್ ಸ್ಟೋರಿ, ಆಡಿನ ಜೊತಿ ಹೆಣ್ಮಗಳ ಫೋಟೋ. ಮಾಡೋದಿದ್ರ ಕೆಟ್ಟ ಬದಲಾವಣೆದೂ ಒಂದು ಕಥಿ ಆರಿಸ್ರಿ ಅಂತ ಗುಂಪಿಗೆ ಮೊದಲ ಹೇಳಿಬಿಡ್ರಿ.

ಫಂಡರ್ ಟೆಂಪ್ಲೇಟಿನಾಗ ಪ್ರಸ್ತುತತೆ, ಸುಸಂಬದ್ಧತೆ, ಪರಿಣಾಮಕಾರಿತ್ವ, ದಕ್ಷತೆ, ಪ್ರಭಾವ, ಸುಸ್ಥಿರತೆ ಅಂತ ಆರು ತಲೆಬರಹ ಇರತಾವ, ಒಇಸಿಡಿ ಅನ್ನೋ ಶ್ರೀಮಂತ ದೇಶಗಳ ಆರ್ಥಿಕ ಸಂಘಟನೆಯವರು ಮಾಡಿದ್ದು, 2019ರ ತನಕ ಐದ ಇದ್ವು. ದಯವಿಟ್ಟು ಇದನ್ನ ಹಳ್ಳಿಗೆ ಒಯ್ಯಬ್ಯಾಡ್ರಿ, "ದಕ್ಷತೆ ಹೆಂಗಿತ್ರಿ ಅಜ್ಜಿ" ಅಂತ ಕೇಳಿದ್ರ ಅಜ್ಜಿ ನಿಮಗ ಚಹಾ ಕೊಟ್ಟು ಕಳಸ್ತಾಳ. ಮಂದಿ ಹೇಳಿದ್ದನ್ನ ಆಫೀಸಿಗೆ ಬಂದ ಮ್ಯಾಲೆ ಆ ಆರು ಡಬ್ಬಿಯೊಳಗ ನೀವು ಹಾಕ್ಕೊಳ್ರಿ.

ರಿಪೋರ್ಟ್ ಡ್ರಾಫ್ಟ್ ಆದ ಮ್ಯಾಲೆ, ಕಳಿಸೋದಕ್ಕಿಂತ ಮೊದಲ, ಊರಿಗೆ ವಾಪಸ್ ಹೋಗಿ ಓದಿ ಹೇಳ್ರಿ, ಎರಡು ಪುಟದಷ್ಟು, ನಮ್ಮ ಮಾತಿನಾಗ. ಆಗ ಹೊಂಡದವರು ಒಂದಂತಾರ, ಹೊಲ ಇಲ್ಲದವರು ಒಂದಂತಾರ, ಅಧ್ಯಕ್ಷಿ ಸಿಟ್ಟಾಗ್ತಾಳ. ಎರಡೂ ಕಡಿ ಮಾತು ಬರೀರಿ, ಎಳದ ಒಂದ ಮಾಡಬ್ಯಾಡ್ರಿ. ಬಜೆಟ್ಟಿನಾಗ ಈ ಎರಡನೇ ಸುತ್ತಿಗೆ ದುಡ್ಡು ಇಟ್ಟಿರಂಗಿಲ್ಲ ಯಾರೂ, ನೀವು ಈಗ್ಲೇ ಇಡಸ್ರಿ, ವಾಹನ ಖರ್ಚು ಅಷ್ಟ.

ವಿಡಿಯೋಕ್ಕ ಬಂದ್ರ, ಚರ್ಚೆ ನಡೀವಾಗ ಬ್ಯಾಡ ಅಂತ ಫಂಡರಿಗೆ ಖಡಕ್ಕಾಗಿ ಬರೀರಿ, ಕ್ಯಾಮೆರಾ ಎತ್ತಿದ ಕೂಡ್ಲೇ ಮತ್ತ "ಎಲ್ಲಾ ಚಲೋ" ಶುರು ಆಗತೈತಿ ಅಂತ ಕಾರಣನೂ ಹಾಕ್ರಿ. ಸಭೆ ಮುಗಿದ ಮ್ಯಾಲೆ ನೆಲದ ಮ್ಯಾಲಿನ ನಕ್ಷೆ, ಕಲ್ಲು, ಬೀಜ ಹೆಂಗದಾವೋ ಹಂಗ ಫೋಟೋ ತಗೀರಿ, ಮಾಡಿದವರನ್ನ ಕೇಳಿ, ಮಾರಿ ಬರದಂಗ. ಒಬ್ಬರಿಬ್ಬರು ತಾವಾಗೇ ನಕ್ಷೆ ವಿವರಿಸ್ತೀವಿ ಅಂದ್ರ ಅಷ್ಟು ವಿಡಿಯೋ ಮಾಡ್ರಿ, ಮಾಡಿದ್ದನ್ನ ಅವರಿಗೇ ಅಲ್ಲೇ ತೋರಿಸ್ರಿ, ಬ್ಯಾಡ ಅಂದ್ರ ಅವರ ಮುಂದನ ಡಿಲೀಟ್ ಮಾಡ್ರಿ.